ದೊಡ್ಡ ಮನೆ ಬಿಟ್ಟು ಸಣ್ಣ ಮನೆಗೆ ಹೋಗ್ತಿದ್ದೇವೆ: ಒಡವೆ, ಹಳೇ ಸಾಮಾನಿಗೆ ಬೆಲೆ ಕಟ್ಟಿಸೋದು ಯಾರ ಹತ್ತಿರ? (ದಾವಣಗೆರೆ)

ಪಿಜೆ ಬಡಾವಣೆ ಟೀಚರ್:

ಎಲ್ಲರಿಗೂ ನಮಸ್ಕಾರ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟು ನಿವೃತ್ತಿಯಾದವಳು ನಾನು. ನನಗೆ 68, ನಮ್ಮ ಮನೆಯವರಿಗೆ 74. ಪಿ.ಜೆ. ಬಡಾವಣೆಯ ನಮ್ಮ ಮಹಡಿ ಮನೆ ಮಾರಾಟಕ್ಕೆ ಮಾತಾಗಿದೆ. ದಸರಾ ಹೊತ್ತಿಗೆ ವಿದ್ಯಾನಗರದ ಎರಡು ಬೆಡ್‌ರೂಮಿನ ಮನೆಗೆ ಹೋಗಬೇಕು. ಅವರಿಗೆ ಮಂಡಿನೋವು, ಮೆಟ್ಟಿಲು ಹತ್ತೋಕೆ ಆಗಲ್ಲ. ಇಬ್ಬರೂ ಕೂತು ಯೋಚಿಸಿಯೇ ತೀರ್ಮಾನ ಮಾಡಿದ್ದು, ಅದರಲ್ಲಿ ಬೇಜಾರಿಲ್ಲ. ಪೇಚಾಟ ಏನಿದ್ದರೂ ಸಾಮಾನಿನದ್ದು.

ನಮ್ಮ ಮಾವನವರು ಮಂಡಿಪೇಟೆಯಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದರು. ಅವರ ಕಾಲದ್ದೆಲ್ಲ ಮನೆಯಲ್ಲೇ ಇದೆ. ಬೀಟೆ ಮರದ ಮಂಚ, ಹಿತ್ತಾಳೆ ಸರಪಳಿಯ ತೂಗುಮಣೆ, ಅಟ್ಟದ ತುಂಬ ಹಂಡೆ, ಕೊಪ್ಪರಿಗೆ, ಗಂಗಾಳ. ಒಂದು ಟ್ರಂಕಿನ ತುಂಬ ವ್ಯಾಪಾರದ ದಿನದಿನದ ಲೆಕ್ಕ ಬರೆದ ಕಿರ್ದಿ ಪುಸ್ತಕಗಳು. ಅತ್ತೆಯವರ ಬೋರಮಳ ಸರ, ಕಾಸಿನ ಸರ, ಇಷ್ಟಲಿಂಗ ಇಡುವ ಬೆಳ್ಳಿ ಕರಡಿಗೆ, ಲಕ್ಷ್ಮಿ ಪೂಜೆಗೆ ಇಡುತ್ತಿದ್ದ ಬೆಳ್ಳಿ ರೂಪಾಯಿಗಳು, ಎರಡು ಮೊಳಕಾಲ್ಮೂರು ರೇಷ್ಮೆ ಸೀರೆ. ನಮ್ಮ ಮನೆಯವರು ಇಟ್ಟುಕೊಂಡಿರೋ ಎಚ್‌ಎಂಟಿ ವಾಚುಗಳು ಬೇರೆ.

ಹಳೇ ಸಾಮಾನು ಕೊಳ್ಳುವವರೊಬ್ಬರು ಬಂದು ನೋಡಿದರು. ಚಿನ್ನ ಬೆಳ್ಳಿ ಬಿಟ್ಟು ಉಳಿದಿದ್ದಕ್ಕೆಲ್ಲ ಸೇರಿಸಿ ಎಂಬತ್ತು ಸಾವಿರ ಅಂದರು. "ಇವತ್ತೇ ಹೂಂ ಅಂದ್ರೆ ನಾಳೆ ಬೆಳಿಗ್ಗೆ ಟೆಂಪೋ ತರ್ತೀನಿ" ಅಂತ ಅವಸರ. ಒಂದು ಚಿನ್ನದ ಅಂಗಡಿಯಲ್ಲಿ ಬೋರಮಳ ಅಂದ ತಕ್ಷಣ, ಕೈಗೂ ತಗೊಳ್ಳದೆ "ಅದರಲ್ಲಿ ಅರ್ಧ ಅರಗೇ ಇರುತ್ತೆ ಬಿಡಿ" ಅಂದರು.

ಮೂವರು ಮಕ್ಕಳು. ದೊಡ್ಡ ಮಗಳಿಗೆ ತೂಗುಮಣೆ ಮೇಲೆ ಆಸೆ. ಸಣ್ಣವಳಿಗೆ ಅಜ್ಜಿಯ ಒಡವೆ. ಮಗ ಅಮೆರಿಕದಲ್ಲಿದ್ದಾನೆ, ದೇವರ ಮನೆಯ ಹಿತ್ತಾಳೆ ಬಸವಣ್ಣ ಒಂದು ಕೊಟ್ಟರೆ ಸಾಕು ಅಂತಾನೆ. ಮೂವರಲ್ಲಿ ಯಾರಿಗೂ ಹೆಚ್ಚು ಕಡಿಮೆ ಆಯ್ತು ಅನ್ನಿಸಬಾರದು. ಉಳಿದದ್ದನ್ನು ಮಾರಬೇಕು. ಯಾವುದಕ್ಕೆ ಎಷ್ಟು ಬೆಲೆ ಅಂತ ನ್ಯಾಯವಾಗಿ ಹೇಳುವವರು ಯಾರು? ಅದನ್ನು ನಾವು ಕೇಳುವ ರೀತಿ ಹೇಗೆ? ತಿಳಿದವರು ಹೇಳಿ.

ಒರೆಗಲ್ಲು, ಚಿತ್ರದುರ್ಗ:

ಮೇಡಂ, ಮೊದಲು ಆ ಟೆಂಪೋ ಬರೋದು ಬೇಡ ಅಂತ ಫೋನ್ ಮಾಡಿ. ಉಳಿದದ್ದು ನಿಧಾನವಾಗಿ ಮಾತಾಡೋಣ.

ನಾನು ಸಹಕಾರಿ ಬ್ಯಾಂಕಿನಲ್ಲಿ ಚಿನ್ನದ ಸಾಲಕ್ಕೆ ಒಡವೆ ಪರೀಕ್ಷೆ ಮಾಡುತ್ತಿದ್ದವನು. ನಮ್ಮಪ್ಪನೂ ಅದೇ ಕಸುಬು. ಇಷ್ಟು ವರ್ಷ ಒರೆ ಹಚ್ಚಿದ ಮೇಲೆ ನಾನು ಎಲ್ಲರಿಗೂ ಹೇಳೋದು ಒಂದೇ: ಕೊಳ್ಳುವವರ ಬಾಯಲ್ಲಿ ಬೆಲೆ ಕಟ್ಟಿಸಬೇಡಿ. ಅವರು ಕೆಟ್ಟವರು ಅಂತ ಅಲ್ಲ. ಕಡಿಮೆಗೆ ಕೊಳ್ಳೋದು ಅವರ ಹೊಟ್ಟೆಪಾಡು. ಬೆಲೆ ಹೇಳುವವರಿಗೆ ಅವರ ಕೆಲಸದ ಕೂಲಿ ಮಾತ್ರ ಸಿಗಬೇಕು. ಆ ಕೂಲಿಯೂ ಇಷ್ಟು ಅಂತ ಮೊದಲೇ ಮಾತಾಗಿರಬೇಕು. "ಒಟ್ಟು ಬೆಲೆಯಲ್ಲಿ ನೂರಕ್ಕೆ ಇಷ್ಟು ಕೊಡಿ" ಅಂದರೆ ಅಂಥವರು ಬೇಡ. ಬೆಲೆ ಏರಿಸಿ ಹೇಳಿದರೆ ಅವರಿಗೇ ಲಾಭ. "ನಾನೇ ತಗೋತೀನಿ" ಅಂದರೂ ಬೇಡ.

ಇನ್ನೊಂದು, ಯಾವ ಕೆಲಸಕ್ಕೆ ಬೆಲೆ ಬೇಕು ಅಂತ ನೀವೇ ಮೊದಲು ಹೇಳಬೇಕು. ಒಂದೇ ಸರಕ್ಕೆ ಮೂರು ಬೆಲೆ ಇರುತ್ತೆ. ಅಂಥದ್ದೇ ಹೊಸದು ಮಾಡಿಸಿದರೆ ಬೀಳುವ ಬೆಲೆ ಒಂದು, ಅದರಲ್ಲಿ ಮಜೂರಿ, ವೇಸ್ಟೇಜು ಎಲ್ಲ ಸೇರಿರುತ್ತೆ. ಸಮಾಧಾನವಾಗಿ ಮಾರಿದರೆ ಬರುವ ಬೆಲೆ ಇನ್ನೊಂದು. ಅವಸರಕ್ಕೆ ಕರಗಿಸಿ ಮಾರಿದರೆ ಮತ್ತೊಂದು. ಮಕ್ಕಳಿಗೆ ಹಂಚುವಾಗ ಒಬ್ಬರ ಪಾಲಿಗೆ ಅಂಗಡಿ ಬೆಲೆ, ಇನ್ನೊಬ್ಬರ ಪಾಲಿಗೆ ಕರಗಿಸಿದ ಬೆಲೆ ಹಿಡಿದರೆ ಅಲ್ಲೇ ಮನಸ್ತಾಪ ಶುರು. ಎಲ್ಲಕ್ಕೂ ಒಂದೇ ದಿನದ ದರ, ಒಂದೇ ಲೆಕ್ಕ ಇರಲಿ.

ಈಗ ನಿಮ್ಮ ಬೋರಮಳ. ಅದರ ಮಣಿಗಳು ತೆಳು ಚಿನ್ನದ ತಗಡಿನವು, ಒಳಗೆ ಅರಗು ತುಂಬಿರುತ್ತೆ. ತಗ್ಗು ಬೀಳಬಾರದು ಅಂತ ಹಾಗೆ ಮಾಡುತ್ತಿದ್ದರು, ಅದು ಮೋಸ ಅಲ್ಲ. ಅರ್ಧ ಅರಗು ಅಂತ ನೋಡದೇ ಹೇಳಿದ್ದು ಮಾತ್ರ ತಪ್ಪು. ಮಣಿಗಳೆಲ್ಲ ಒಂದೇ ಅಳತೆಯವಾದರೆ, ಪರಿಚಯದ ಅಕ್ಕಸಾಲಿಗರ ಹತ್ತಿರ ಎದುರಿಗೇ ಕೂತು ಒಂದು ಮಣಿ ಬಿಡಿಸಿ. ಬಿಸಿ ತಾಗಿಸಿ ಅರಗು ಇಳಿಸಿ, ಬರೀ ಚಿಪ್ಪು ತೂಗಿಸಿ. ಮೊದಲಿನ ತೂಕಕ್ಕೂ ಈಗಿನ ತೂಕಕ್ಕೂ ಇರುವ ವ್ಯತ್ಯಾಸವೇ ಅರಗು. ಅದನ್ನು ಮಣಿ ಲೆಕ್ಕಕ್ಕೆ ಗುಣಿಸಿದರೆ ಅಂದಾಜು ಸಿಕ್ಕಿತು. ಮಾತಿಗೆ, ಸರದ ತೂಕ 30 ಗ್ರಾಂ, ಅರಗು 8 ಗ್ರಾಂ ಅಂದುಕೊಳ್ಳಿ. ಚಿನ್ನ 22 ಗ್ರಾಂ ಉಳಿಯಿತು. ಶುದ್ಧತೆ 875, ಅಂದರೆ ಸಾವಿರಕ್ಕೆ 875 ಭಾಗ ಅಂತ ಬಂದರೆ ಅದರಲ್ಲಿ ಅಪರಂಜಿ 19.25 ಗ್ರಾಂ. ಈ ಲೆಕ್ಕ ನಿಮ್ಮ ಕೈಲಿದ್ದರೆ ಅಂಗಡಿಯಲ್ಲಿ ಮಾತಾಡುವ ರೀತಿಯೇ ಬೇರೆ. ಆದರೆ ಸಣ್ಣ ಮಗಳು ಇಟ್ಟುಕೊಳ್ಳುತ್ತಾಳೆ ಅನ್ನೋದಾದರೆ ಮಣಿ ಬಿಡಿಸೋದು ಬೇಡ, ಅಂದಾಜೇ ಸಾಕು.

ಕಾಸಿನ ಸರದ ಕಾಸು ತಿರುಗಿಸಿ ನೋಡಿ. ಲಕ್ಷ್ಮಿ ಅಚ್ಚಿನ ತೆಳು ಬಿಲ್ಲೆಯಾದರೆ ಬರೀ ಚಿನ್ನದ ಬೆಲೆ. ಒಂದು ಕಡೆ ರಾಣಿ ಅಥವಾ ರಾಜನ ಮುಖ, ಇನ್ನೊಂದು ಕಡೆ ಕುದುರೆ ಸವಾರ ಸರ್ಪ ಕೊಲ್ಲುವ ಚಿತ್ರ ಇದ್ದು, ಒಂದೊಂದೂ 8 ಗ್ರಾಂ ಹತ್ತಿರ ತೂಗಿದರೆ ಅವು ಇಂಗ್ಲೆಂಡಿನ ಸವರನ್ ಇರಬಹುದು. ಅಸಲಿ ಸವರನ್ 7.98 ಗ್ರಾಂ, 22 ಕ್ಯಾರೆಟ್. ಅದೇ ಅಚ್ಚಿನ ನಕಲುಗಳೂ ಇವೆ, ಹಾಗಾಗಿ ಪರೀಕ್ಷೆ ಆಗಲೇಬೇಕು. ಕೆಲವು ಇಸವಿಯವಕ್ಕೆ ನಾಣ್ಯ ಸಂಗ್ರಹ ಮಾಡುವವರು ಚಿನ್ನದ ಬೆಲೆಗಿಂತ ಜಾಸ್ತಿ ಕೊಡುತ್ತಾರೆ. ಅಂಥವನ್ನು ಕರಗಿಸಲು ಯಾರ ಕೈಗೂ ಕೊಡಬೇಡಿ.

ಶುದ್ಧತೆ ನೋಡಿಸೋಕೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನ್ಯತೆ ಇರುವ ಹಾಲ್‌ಮಾರ್ಕಿಂಗ್ ಕೇಂದ್ರಕ್ಕೆ ಹೋಗಿ. ಕೇಂದ್ರಗಳ ಪಟ್ಟಿ ಬಿಐಎಸ್ ವೆಬ್‌ಸೈಟಿನಲ್ಲೇ ಇದೆ. ನಮ್ಮಂಥ ಸಾಮಾನ್ಯರೂ ಹಳೇ ಒಡವೆ ಪರೀಕ್ಷೆ ಮಾಡಿಸಬಹುದು. 2022ರಲ್ಲಿ ಹೇಳಿದ ದರದ ಪ್ರಕಾರ ನಾಲ್ಕು ಒಡವೆವರೆಗೆ 200 ರೂಪಾಯಿ, ಐದು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಒಂದೊಂದಕ್ಕೆ 45 ರೂಪಾಯಿ, ಮೇಲೆ ಜಿಎಸ್‌ಟಿ. ಬರವಣಿಗೆಯಲ್ಲಿ ವರದಿ ಕೊಡುತ್ತಾರೆ. ಅಲ್ಲಿ ಶುದ್ಧತೆ ಅಳೆಯುವ ಮಷಿನ್ನು ನೋಡೋದು ಒಡವೆಯ ಮೇಲ್ಮೈ ಮಾತ್ರ. ಹಳೇ ಒಡವೆಯ ಬೆಸುಗೆಯಲ್ಲಿ ಶುದ್ಧತೆ ಕಡಿಮೆ ಇರುತ್ತೆ, ಅದಕ್ಕೇ ಎರಡು ಮೂರು ಕಡೆ ಇಟ್ಟು ನೋಡಿ ಅಂತ ಕೇಳಿ. ಕೊನೆಗೆ ಮಾರುವಾಗ ಕರಗಿಸುತ್ತಾರಲ್ಲ, ಕರಗಿಸೋಕೆ ಮುಂಚಿನ ತೂಕ, ಆಮೇಲಿನ ತೂಕ ಎರಡನ್ನೂ ನಿಮ್ಮ ಕಣ್ಣೆದುರಿಗೇ ತೂಗಿಸಿ, ಬರೆಸಿಕೊಳ್ಳಿ.

ಬೆಳ್ಳಿ ರೂಪಾಯಿ ಬಗ್ಗೆ. ಒಂದು ರೂಪಾಯಿ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ವಿಕ್ಟೋರಿಯಾ, ಎಡ್ವರ್ಡ್, ಐದನೇ ಜಾರ್ಜ್ ಕಾಲದವು ಸುಮಾರು 92 ಭಾಗ ಬೆಳ್ಳಿ. 1940ರಿಂದ 1945ರ ರೂಪಾಯಿಗಳಲ್ಲಿ ಅರ್ಧ ಮಾತ್ರ ಬೆಳ್ಳಿ. 1947ರದ್ದು ನಿಕ್ಕಲ್, ಅದರಲ್ಲಿ ಬೆಳ್ಳಿಯೇ ಇಲ್ಲ. ಇಸವಿ ನೋಡದೆ ಎಲ್ಲ ಒಟ್ಟಿಗೆ ತೂಗಿಸಬೇಡಿ. ದಯವಿಟ್ಟು ವಿಭೂತಿ, ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ನಾಣ್ಯದ ಮೇಲಿನ ಆ ಕಪ್ಪೇ ಸಂಗ್ರಹಕಾರರಿಗೆ ಬೇಕಾದ್ದು. ಫೇಸ್‌ಬುಕ್ಕಿನಲ್ಲಿ "ಈ ನಾಣ್ಯ ಇದ್ದರೆ ಲಕ್ಷ ಕೊಡ್ತೀವಿ" ಅಂತ ಬರುತ್ತಲ್ಲ, ಅದಕ್ಕೆ ಒಂದು ರೂಪಾಯಿ ಮುಂಗಡವನ್ನೂ ಕಳಿಸಬೇಡಿ. 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕೇ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿದೆ.

ಕರಡಿಗೆಯನ್ನು ತೂಗಿಸಿ, ಬರೆದಿಟ್ಟುಕೊಳ್ಳಿ. ಮಾರೋ ಪಟ್ಟಿಯಲ್ಲಿ ಸೇರಿಸಬೇಡಿ ಅಂತ ನನ್ನ ಅಭಿಪ್ರಾಯ. ಅದನ್ನು ಮಾಡಿದ ಕೈಕೆಲಸಕ್ಕೆ ಅಂಗಡಿಯಲ್ಲಿ ಒಂದು ಪೈಸೆಯೂ ಸಿಗಲ್ಲ, ಬರೀ ಬೆಳ್ಳಿ ತೂಕ ಹಿಡಿಯುತ್ತಾರೆ.

ನಿಟ್ಟುವಳ್ಳಿ ಸೊಸೆ:

ಟೀಚರ್, ನಮ್ಮತ್ತೆ ಹಳೇಪೇಟೆ ಮನೆ ಬಿಟ್ಟು ನಮ್ಮ ಜೊತೆ ಬಂದಾಗ ಈ ಕೆಲಸವೆಲ್ಲ ನಾನೇ ನಿಂತು ಮಾಡಿಸಿದೆ. ಚಿನ್ನದ ಬಗ್ಗೆ ಮೇಲಿನವರು ಹೇಳಿದ್ದಾರೆ. ನಾನು ಪಾತ್ರೆ, ಮಂಚದ್ದು ಹೇಳ್ತೀನಿ.

ಪಾತ್ರೆ ಎಲ್ಲ ಅಟ್ಟದಿಂದ ಇಳಿಸಿ ಅಂಗಳದಲ್ಲಿ ಮೂರು ಗುಂಪು ಮಾಡಿ: ತಾಮ್ರ, ಹಿತ್ತಾಳೆ, ಕಂಚು. ಮೂರಕ್ಕೂ ಕೆಜಿ ದರ ಬೇರೆ. ಕಂಚಿಗೆ ಹಿತ್ತಾಳೆಗಿಂತ ಜಾಸ್ತಿ ಬೆಲೆ, ಯಾಕಂದರೆ ಅದರಲ್ಲಿ ತವರ ಇರುತ್ತೆ. ಗುಜರಿಯವರು "ಎಲ್ಲಾ ಹಿತ್ತಾಳೇನೇ ಅಮ್ಮಾ" ಅಂತ ಒಂದೇ ತಕ್ಕಡಿಗೆ ಹಾಕ್ತಾರೆ. ಗಂಗಾಳವನ್ನು ಬೆರಳ ತುದಿ ಮೇಲೆ ಎತ್ತಿ ಹಿಡಿದು ಚಮಚದಿಂದ ತಟ್ಟಿ. ಕಂಚಾದರೆ ನಾದ ತುಂಬ ಹೊತ್ತು ನಿಲ್ಲುತ್ತೆ, ಹಿತ್ತಾಳೆ ಬೇಗ ಸುಮ್ಮನಾಗುತ್ತೆ. ಬಿಳಿ ಲೋಟ ತಟ್ಟೆ ಇದ್ದರೆ ಜರ್ಮನ್ ಸಿಲ್ವರ್ ಇರಬಹುದು, ಹೆಸರಲ್ಲಿ ಮಾತ್ರ ಬೆಳ್ಳಿ.

ತೂಗಿಸೋಕೆ ಮುಂಚೆ ಒಂದೊಂದರ ಕಂಠ, ತಳ ನೋಡಿ. ನಮ್ಮ ಕಡೆ ಮದುವೆಗೆ ಕೊಟ್ಟ ಪಾತ್ರೆ ಮೇಲೆ ಚುಕ್ಕಿ ಚುಕ್ಕಿ ಹೊಡೆದು ಹೆಸರು, ಊರು, ಇಸವಿ ಕೊರೆಸ್ತಿದ್ರು ಅಲ್ವಾ. ಅತ್ತೆಯ ಒಂದು ಕೊಳಗದ ಕಂಠದ ಸುತ್ತ ಬೂದಿ ಹಾಕಿ ಒರೆಸಿದಾಗ ಅವರ ತವರಿನ ಊರು "ಆನಗೋಡು" ಅಂತ ಮೂಡಿತು. ಕೊನೇ ಅಕ್ಷರಕ್ಕೆ ಜಾಗ ಸಾಲದೆ ಕೆಳಗೆ ಹೊಡೆದಿದ್ದರು. ಅದು ಯಾರ ಮನೆಗೆ ಹೋಗಬೇಕು ಅಂತ ಯಾರೂ ಚರ್ಚೆ ಮಾಡಲಿಲ್ಲ, ಅತ್ತೆಯ ತಂಗಿ ಮನೆಗೆ ಹೋಯಿತು.

ಮಂಚ, ತೂಗುಮಣೆಗೆ ಹೊಸ ಫರ್ನಿಚರ್ ಅಂಗಡಿಯವರನ್ನು ಕೇಳಬೇಡಿ. ಹಳೇ ಮರದ ಸಾಮಾನು ರಿಪೇರಿ ಮಾಡುವ ಬಡಗಿಯನ್ನು ಕರೆಸಿ, ಅವರ ಅರ್ಧ ದಿನದ ಕೂಲಿ ಕೊಟ್ಟು ಕೇಳಿ. ಅವರು ಮಂಚ ಬೋರಲು ಹಾಕಿ ಕೆಳಗಿನಿಂದ ನೋಡ್ತಾರೆ. ಪಾಲಿಶ್ ಇಲ್ಲದ ಕಡೆ ಉಳಿಯಲ್ಲಿ ಸ್ವಲ್ಪ ಕೆರೆದರೆ ಬೀಟೆಯೋ, ಬಣ್ಣ ಹಚ್ಚಿದ ಬೇರೆ ಮರವೋ ಗೊತ್ತಾಗುತ್ತೆ. ಕಬ್ಬಿಣದ ಮೊಳೆ ಹೊಡೆದಿದ್ದಾರಾ, ಮರದ ಬೆಣೆ ಹಾಕಿದ್ದಾರಾ ನೋಡ್ತಾರೆ. ಹುಳ ಹಿಡಿದಿದ್ದರೂ ಹೇಳ್ತಾರೆ. ಕೈಕೆಲಸ ಚೆನ್ನಾಗಿದ್ದರೆ ಬೆಂಗಳೂರಿನಲ್ಲಿ ಹಳೇ ಪೀಠೋಪಕರಣ ಮಾರುವವರಿಗೂ ಫೋಟೋ ಕಳಿಸಿ, ಇಬ್ಬರು ಮೂವರ ಮಾತು ಕೇಳಿ. ಸಾಗಿಸೋ ಖರ್ಚು ಯಾರದ್ದು ಅಂತ ಮೊದಲೇ ಕೇಳಿಬಿಡಿ.

ಮೊಳಕಾಲ್ಮೂರು ಸೀರೆಯನ್ನು "ಹಳೇ ಜರಿ ಸೀರೆ" ಅಂತ ಬೀದಿಯಲ್ಲಿ ಕೂಗಿಕೊಂಡು ಬರುವವರಿಗೆ ಕೊಡಬೇಡಿ. ಅವರು ಸುಟ್ಟು ಬೆಳ್ಳಿ ತೆಗೀತಾರೆ. ಇನ್ನೂ ಉಡುವಂತಿದ್ದರೆ ಅದು ಸೀರೆಯೇ. ಮಡಿಕೆಯಲ್ಲಿ ಬಿರಿದಿದ್ದರೆ ಅಂಚು, ಸೆರಗು ಬಿಡಿಸಿ ಮೊಮ್ಮಕ್ಕಳಿಗೆ ಲಂಗ ಹೊಲಿಸಬಹುದು.

ಮಕ್ಕಳ ಹಂಚಿಕೆಗೆ ನಾವು ಮಾಡಿದ್ದು: ಬೆಲೆ ಹೇಳೋಕೆ ಮುಂಚೆ ಎಲ್ಲರೂ ತಮಗೇನು ಬೇಕು ಅಂತ ಬೇರೆ ಬೇರೆ ಚೀಟಿಯಲ್ಲಿ ಬರೆದರು. ಆಮೇಲೆ ಬೆಲೆ ಪಟ್ಟಿ ತೆಗೆದೆವು. ಜಾಸ್ತಿ ಬೆಲೆಯದ್ದು ಯಾರಿಗೆ ಹೋಯಿತೋ ಅವರ ಚಿನ್ನದ ಪಾಲಿನಲ್ಲಿ ಅಷ್ಟು ಕಡಿಮೆ ಮಾಡಿದೆವು. ಬೆಲೆ ಮೊದಲು ಗೊತ್ತಾದರೆ ಎಲ್ಲರಿಗೂ ದುಬಾರಿಯದ್ದೇ ಬೇಕು ಅನ್ನಿಸುತ್ತೆ.

ಹರಿಹರ ಗಡಿಯಾರ:

ಮೇಡಂ, ಎಚ್‌ಎಂಟಿ ವಾಚುಗಳನ್ನು ದಯವಿಟ್ಟು ಆ ಎಂಬತ್ತು ಸಾವಿರದ ಮೂಟೆಯಿಂದ ಹೊರಗೆ ತೆಗೆಯಿರಿ. ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ, 2016ರಲ್ಲಿ ಮುಚ್ಚಿದ ಕಾರ್ಖಾನೆ ಅದು. ಮುಚ್ಚಿದ ಮೇಲೆ ಸಂಗ್ರಹ ಮಾಡುವವರು ಜಾಸ್ತಿ ಆಗಿದ್ದಾರೆ, ನಾನೂ ಒಬ್ಬ.

ಬೆಲೆ ಎಲ್ಲಾ ಡಯಲ್ ಮೇಲೆ ನಿಂತಿದೆ. ಮೂಲ ಡಯಲ್ ಸ್ವಲ್ಪ ಹಳದಿ ತಿರುಗಿದ್ದರೂ ಪರವಾಗಿಲ್ಲ. ಮತ್ತೆ ಬಣ್ಣ ಹೊಡೆದು ಹೊಸ ಅಕ್ಷರ ಬರೆದ ಡಯಲ್ ಆದರೆ ಬೆಲೆ ಬಿದ್ದು ಹೋಗುತ್ತೆ. ಹಾಗಾಗಿ ಮಾರೋಕೆ ಮುಂಚೆ ಸರ್ವೀಸಿಗೆ ಕೊಟ್ಟು ಮಿಂಚಿಸಬೇಡಿ. ಗಾಜು ಬದಲಿಸಬೇಡಿ, ಕೇಸಿಗೆ ಪಾಲಿಶ್ ಹಾಕಿಸಬೇಡಿ. ಹಳೇ ಡಬ್ಬಿ, ಗ್ಯಾರಂಟಿ ಚೀಟಿ, ಬಿಲ್ಲು ಇದ್ದರೆ ಜೋಪಾನ. ಮೇಡಂ, ಯಜಮಾನರು ದಿನಾ ಕಟ್ಟುವ ವಾಚು ಯಾವುದೋ ಅದನ್ನು ಮಾರೋ ಮಾತೇ ಬೇಡ, ಕೈಯಲ್ಲೇ ಇರಲಿ.

ಪಿಜೆ ಬಡಾವಣೆ ಟೀಚರ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟೆಂಪೋದವರಿಗೆ ಬೇಡ ಅಂದೆ. ತಕ್ಷಣ ಒಂದು ಲಕ್ಷ ಅಂದರು. ಅದನ್ನು ಕೇಳಿ ನಮ್ಮ ಮನೆಯವರಿಗೂ ನಿಮ್ಮೆಲ್ಲರ ಮಾತಿನ ಮೇಲೆ ನಂಬಿಕೆ ಬಂತು.

ಕಾಸಿನ ಸರ ನೋಡಿದೆ. ಎಲ್ಲಾ ಲಕ್ಷ್ಮಿ ಬಿಲ್ಲೆ, ಆದರೆ ನಡುವಿನ ಒಂದರಲ್ಲಿ ಕುದುರೆ ಸವಾರ ಇದ್ದಾನೆ! ಕೊಕ್ಕೆಗೆ ಅಂಚಲ್ಲಿ ಬೆಸುಗೆ ಹಾಕಿದ್ದಾರೆ. ಬೇಕಾದರೆ ಅದೊಂದನ್ನೇ ಬೇರೆ ಮಾಡಬಹುದಾ?

ಇನ್ನೊಂದು ವಿಷಯ. ಒಡವೆ ಪೆಟ್ಟಿಗೆಯ ತಳದಲ್ಲಿ ಚಿನ್ನದ ಕಟ್ಟು ಹಾಕಿದ ಹುಲಿ ಉಗುರು ಸಿಕ್ಕಿದೆ. ನಮ್ಮ ಮನೆಯವರಿಗೆ ಮಗುವಿದ್ದಾಗ ಕಟ್ಟಿದ್ದಂತೆ. ಇದಕ್ಕೇನು ಮಾಡೋದು? ಕಿರ್ದಿ ಪುಸ್ತಕದ ಬಗ್ಗೆಯೂ ಯಾರೂ ಹೇಳಲಿಲ್ಲ.

ಜಮಾ ಖರ್ಚು, ದಾವಣಗೆರೆ:

ನಾನು ತೆರಿಗೆ ಲೆಕ್ಕ ನೋಡುವವನು. ಮೊದಲು ಹುಲಿ ಉಗುರು, ಅದು ಗಂಭೀರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಸರ್ಕಾರದ ಮಾಲೀಕತ್ವ ಪ್ರಮಾಣಪತ್ರ ಇಲ್ಲದೆ ಅದನ್ನು ಇಟ್ಟುಕೊಳ್ಳೋದೇ ಅಪರಾಧ. ಮಾರೋದು ಹಾಗಿರಲಿ, ಮಕ್ಕಳಿಗೆ ಕೊಡೋ ಹಾಗೂ ಇಲ್ಲ. 2023ರಲ್ಲಿ ನಮ್ಮ ರಾಜ್ಯದಲ್ಲಿ ಎಷ್ಟು ಗಲಾಟೆ ಆಯಿತು ಅಂತ ನೆನಪಿರಬಹುದು. ಆಮೇಲೆ ಸರ್ಕಾರ ವಾಪಸ್ ಕೊಡೋಕೆ ಒಂದು ಗಡುವು ಕೊಟ್ಟಿತ್ತು, ಅದು ಮುಗಿದಿದೆ. ಬಹಳ ಕಡೆ ಸಿಗೋದು ಕೊಂಬಿನಿಂದ, ಪ್ಲಾಸ್ಟಿಕ್ಕಿನಿಂದ ಮಾಡಿದ ನಕಲಿ, ಆದರೆ ಅದನ್ನು ನಿರ್ಧರಿಸೋದು ಪರೀಕ್ಷೆ ಮಾಡುವವರ ಕೆಲಸ. ಪರಿಚಯದ ವಕೀಲರೊಬ್ಬರನ್ನು ಕೂಡಿಸಿಕೊಂಡು, ಮನೆತನದಿಂದ ಬಂದದ್ದು ಅಂತ ಬರವಣಿಗೆಯಲ್ಲಿ ಕೊಟ್ಟು ಅರಣ್ಯ ಇಲಾಖೆಗೆ ಒಪ್ಪಿಸಿ. ರಸೀದಿ ತಗೊಳ್ಳಿ. ಅಲ್ಲಿವರೆಗೆ ಯಾವ ಅಂಗಡಿಗೂ ಒಯ್ಯಬೇಡಿ. ಆನೆದಂತದ ಬಳೆ, ಜಿಂಕೆ ಕೊಂಬು ಸಿಕ್ಕರೂ ಇದೇ ದಾರಿ.

ಬಸವಣ್ಣ ಎಷ್ಟು ಹಳೆಯದು ಅಂತ ವಿಚಾರಿಸಿ. 100 ವರ್ಷ ಮೀರಿದ ಲೋಹದ ಮೂರ್ತಿ ಪುರಾವಸ್ತು ಕಾಯ್ದೆಯ ಕೆಳಗೆ ಬರುತ್ತೆ. ಅದನ್ನು ನೋಂದಾಯಿಸಬೇಕು, ಹೊರದೇಶಕ್ಕೆ ಕಳಿಸುವಂತಿಲ್ಲ. ಅಷ್ಟು ಹಳೆಯದಲ್ಲ ಅಂದರೆ ಭಾರತೀಯ ಪುರಾತತ್ವ ಇಲಾಖೆಯಿಂದ "ಪುರಾವಸ್ತು ಅಲ್ಲ" ಅನ್ನುವ ಪತ್ರ ಮಾಡಿಸಿಕೊಂಡೇ ಮಗನ ಕೈಗೆ ಕೊಡಿ. ವಿಮಾನ ನಿಲ್ದಾಣದಲ್ಲಿ ಆ ಹುಡುಗ ಪರದಾಡೋದು ಬೇಡ.

ಇನ್ನು ತೆರಿಗೆ. ಮನೆ ಬಳಕೆಯ ಮಂಚ, ಪಾತ್ರೆ, ಬಟ್ಟೆ ಮಾರಿದ್ದಕ್ಕೆ ಬಂಡವಾಳ ಲಾಭದ ತೆರಿಗೆ ಇಲ್ಲ. ಒಡವೆಗೆ ಇದೆ. ಎರಡು ವರ್ಷಕ್ಕಿಂತ ಹಳೆಯದಾದರೆ, 2024ರ ಜುಲೈ 23ರಿಂದ ಆಚೆಗೆ ಮಾರಿದ್ದಕ್ಕೆ ಲಾಭದ ಮೇಲೆ 12.5 ಶೇಕಡಾ, ಮೇಲೆ ಸೆಸ್. ಅತ್ತೆಯವರಿಂದ ಬಂದದ್ದಕ್ಕೆ ಕೊಂಡ ಬೆಲೆ ಎಲ್ಲಿಂದ ತರೋದು? 2001ರ ಏಪ್ರಿಲ್ 1ಕ್ಕೆ ಮುಂಚಿನದಾದರೆ ಆ ದಿನದ ಮಾರುಕಟ್ಟೆ ಬೆಲೆಯನ್ನೇ ಕೊಂಡ ಬೆಲೆ ಅಂತ ಹಿಡಿಯಬಹುದು. ಅದಕ್ಕೆ ರಿಜಿಸ್ಟರ್ಡ್ ವ್ಯಾಲ್ಯುಯರ್ (ಬೆಲೆ ಕಟ್ಟೋಕೆ ಸರ್ಕಾರದಲ್ಲಿ ನೋಂದಣಿ ಆದವರು) ಹತ್ತಿರ ವರದಿ ಮಾಡಿಸಿ. ವರದಿಯಲ್ಲಿ ಪ್ರತಿ ಒಡವೆಯ ಫೋಟೋ, ಒಟ್ಟು ತೂಕ, ಅರಗು ಮತ್ತು ಹರಳು ಕಳೆದ ತೂಕ, ಶುದ್ಧತೆ ಇರಲಿ. ಮಕ್ಕಳಿಗೆ ಸುಮ್ನೆ ಕೊಡೋದಕ್ಕೆ ನಿಮಗೂ ತೆರಿಗೆ ಇಲ್ಲ, ಅವರಿಗೂ ಇಲ್ಲ. ಆದರೂ ಯಾರಿಗೆ ಏನು ಕೊಟ್ಟಿರಿ ಅಂತ ಒಂದು ಪತ್ರ ಬರೆದು ಸಹಿ ಮಾಡಿಡಿ. ನಾಳೆ ಅವರು ಮಾರುವಾಗ ಬೇಕಾಗುತ್ತೆ.

ಕಿರ್ದಿ ಪುಸ್ತಕ ರದ್ದಿಗೆ ಹಾಕಬೇಡಿ ಅಂತ ಕೈಮುಗಿದು ಕೇಳ್ತೀನಿ. ಹತ್ತಿ ಗಿರಣಿಗಳಿಂದ ಬೆಳೆದ ಊರು ನಮ್ಮದು. ಯಾವ ವರ್ಷ ಹತ್ತಿ ಯಾವ ದರಕ್ಕೆ ಹೋಯಿತು, ಯಾವ ಹಳ್ಳಿಯಿಂದ ಎಷ್ಟು ಗಾಡಿ ಬಂತು, ಹಮಾಲಿ ಎಷ್ಟು ಅಂತ ದಿನದಿನದ ಲೆಕ್ಕ ಅದರಲ್ಲಿರುತ್ತೆ. ದುಡ್ಡು ಬರೋದು ಕಡಿಮೆ. ದಾವಣಗೆರೆ ವಿಶ್ವವಿದ್ಯಾಲಯದವರನ್ನು ಒಮ್ಮೆ ಕೇಳಿ. ಕೊಡೋಕೆ ಮುಂಚೆ ಮಾವನವರ ಕೈಬರಹದ ನಾಲ್ಕು ಪುಟ ಸ್ಕ್ಯಾನ್ ಮಾಡಿ ಮಕ್ಕಳಿಗೆ ಕಳಿಸಿ.

ಒರೆಗಲ್ಲು, ಚಿತ್ರದುರ್ಗ:

ಕುದುರೆ ಸವಾರನ ಕಾಸನ್ನು ಈಗ ಕೀಳಿಸಬೇಡಿ. ಬೆಸುಗೆ ಬಿದ್ದ ಮೇಲೆ ಸಂಗ್ರಹಕಾರರಿಗೆ ಅದರ ಬೆಲೆ ಹೇಗೂ ಇಳಿದಿರುತ್ತೆ, ಕಿತ್ತರೆ ಸರವೂ ಹಾಳು. ಸರದಲ್ಲಿ ಇದ್ದ ಹಾಗೇ ಪರೀಕ್ಷೆ ಮಾಡಿಸಿ. ಹುಲಿ ಉಗುರಿನ ಚಿನ್ನದ ಕಟ್ಟನ್ನೂ ನೀವಾಗಿ ಬಿಚ್ಚಬೇಡಿ, ಅರಣ್ಯ ಇಲಾಖೆಯವರು ಹೇಳಿದಂತೆ ಮಾಡಿ. ಪರೀಕ್ಷೆಗೆ ಹೋಗುವಾಗ ದೊಡ್ಡ ಮಗಳನ್ನೋ ಸಣ್ಣವಳನ್ನೋ ಜೊತೆಗೆ ಕರೆದುಕೊಂಡು ಹೋಗಿ. ಒಬ್ಬರು ಒಡವೆ ಮೇಲೆ ಕಣ್ಣಿಡಬೇಕು, ಇನ್ನೊಬ್ಬರು ತೂಕ ಬರೆದುಕೊಳ್ಳಬೇಕು.

ಹರಿಹರ ಗಡಿಯಾರ:

ಮೇಡಂ, ವಾಚುಗಳ ಫೋಟೋ ಹಾಕ್ತೀರಾ? ಹಗಲು ಬೆಳಕಿನಲ್ಲಿ, ಡಯಲ್ ನೇರವಾಗಿ ಕಾಣೋ ಹಾಗೆ. ಹಿಂದಿನ ಮುಚ್ಚಳದ ಮೇಲಿನ ನಂಬರ್ ಕಾಣೋ ಹಾಗೆ ಒಂದೊಂದು. ಮಾರೋದು ಬಿಡೋದು ಆಮೇಲೆ, ಯಾವುದು ಯಾವ ಮಾದರಿ ಅಂತ ಹೆಸರು ಹಚ್ಚಿ ಪಟ್ಟಿ ಮಾಡಿಕೊಡ್ತೀನಿ. ಅದಕ್ಕೆ ದುಡ್ಡು ಬೇಡ, ನಾನು ಕೊಳ್ಳೋದೂ ಇಲ್ಲ.